ಕಂಪ್ಯೂಟರ್ ಕೊಳ್ಳುವ ಮುನ್ನ ಅದರ ಚರಿತ್ರೆ ಓದೋಣ



ಕಳಸದ ಕಾಫಿ ತೋಟಗಳ ನಡುವೆ ಬೆಳೆದ ಮಕ್ಕಳು ಇಂದು ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಮೆಷಿನ್ ಲರ್ನಿಂಗ್, ಅಂದರೆ ಯಂತ್ರಕಲಿಕೆಯ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಸಾವಿರಾರು ಚಿತ್ರಗಳನ್ನು ತೋರಿಸಿ ಕಾಫಿಯ ಎಲೆ ತುಕ್ಕು ರೋಗವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು, ತೋಟದ ಹಲವು ವರ್ಷಗಳ ಮಳೆ ಲೆಕ್ಕವನ್ನು ವಿಶ್ಲೇಷಿಸುವುದು ಈ ವಿದ್ಯೆಯಿಂದ ಸಾಧ್ಯ. ಆದರೆ ರಜೆಗೆ ಊರಿಗೆ ಬಂದ ಮಕ್ಕಳು "ಈ ಕಂಪ್ಯೂಟರ್ ಸಾಲದು" ಎಂದಾಗ ತಂದೆ ತಾಯಿ ಚಿಂತೆಗೆ ಬೀಳುತ್ತಾರೆ. ಕೊಯ್ಲಿನ ಹಣದಲ್ಲಿ ಕೂಲಿ, ಗೊಬ್ಬರ, ಫೀಸು ಕಳೆದು ಉಳಿಯುವುದು ಸ್ವಲ್ಪ. ಅದನ್ನು ಯಾವ ಭಾಗಕ್ಕೆ ಖರ್ಚು ಮಾಡಬೇಕು? ಅಂಗಡಿಯವರನ್ನು ಕೇಳುವ ಮೊದಲು ಚರಿತ್ರೆಯನ್ನು ಕೇಳುವುದು ಒಳ್ಳೆಯದು.

ಬೆಂಗಳೂರಿನ ಫ್ಲೋಸಾಲ್ವರ್

ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕಲು ಬೆಂಗಳೂರಿನ ಎನ್‌ಎಎಲ್ ಸಂಸ್ಥೆಗೆ ಬಲವಾದ ಕಂಪ್ಯೂಟರ್ ಬೇಕಾಗಿತ್ತು. ಆ ಕಾಲದಲ್ಲಿ ವಿದೇಶದ ಸೂಪರ್ ಕಂಪ್ಯೂಟರ್ ಪಡೆಯುವುದು ಸುಲಭವಾಗಿರಲಿಲ್ಲ. 1986ರಲ್ಲಿ ಅಲ್ಲಿನ ವಿಜ್ಞಾನಿಗಳು ಸಾಮಾನ್ಯ ಮೈಕ್ರೊಪ್ರೊಸೆಸರ್‌ಗಳನ್ನೇ ಜೋಡಿಸಿ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ಫ್ಲೋಸಾಲ್ವರ್ ಯಂತ್ರವನ್ನು ಕಟ್ಟಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಎಂಬ ಹೆಸರು ಅದಕ್ಕೆ ಸಂದಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಬಂದದ್ದು 1991ರಲ್ಲಿ.

ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಅಷ್ಟೇ ಪಟ್ಟು ವೇಗವಾಗುವುದಿಲ್ಲ. ಒಂದರ ಫಲಿತಾಂಶ ಇನ್ನೊಂದಕ್ಕೆ ತಲುಪುವವರೆಗೆ ಎಲ್ಲವೂ ಕಾಯುತ್ತವೆ. ಆದ್ದರಿಂದಲೇ ಫ್ಲೋಸಾಲ್ವರ್‌ನ ಮುಂದಿನ ಪೀಳಿಗೆಗಳಲ್ಲಿ ಮಾಹಿತಿ ಸಾಗಿಸಲೆಂದೇ ಫ್ಲೋಸ್ವಿಚ್ ಎಂಬ ಸಾಧನವನ್ನು ರೂಪಿಸಲಾಯಿತು. ನಮಗೆ ಇದು ಹೊಸ ಮಾತಲ್ಲ. ಪಲ್ಪರ್ ಎಷ್ಟೇ ದೊಡ್ಡದಿರಲಿ, ಕಣ ಚಿಕ್ಕದಾದರೆ ಕಾಫಿ ರಾಶಿ ಬಿದ್ದು ಕೆಡುತ್ತದೆ.

ಪಹಣಿಯ ಪಾಠ

2000ದ ಸುಮಾರಿಗೆ ರಾಜ್ಯದಲ್ಲಿ ಭೂಮಿ ಯೋಜನೆ ಜಾರಿಗೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಈಗ ತಾಲ್ಲೂಕಾಗಿರುವ ಕಳಸ ಆಗ ಮೂಡಿಗೆರೆ ತಾಲ್ಲೂಕಿನ ಹೋಬಳಿ. ಈ ಕೆಲಸದಲ್ಲಿ ದೊಡ್ಡ ಗಣಿತವಿಲ್ಲ. ದಾಖಲೆಯನ್ನು ಕಳೆಯದೆ ಕಾಪಾಡಿ, ಕೇಳಿದಾಗ ತಕ್ಷಣ ಹುಡುಕಿ ಕೊಡಬೇಕು, ಅಷ್ಟೇ. ಅಂದರೆ ಪ್ರತಿಯೊಂದು ಕೆಲಸಕ್ಕೂ ಬೇಕಾದ ಬಲ ಬೇರೆ ಬೇರೆ.

ಆಟದ ಕಾರ್ಡು ಪಾಠ ಕಲಿತದ್ದು

2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್‌ಸ್ಕೆವರ್ ಮತ್ತು ಜೆಫ್ರಿ ಹಿಂಟನ್ ಸುಮಾರು 12 ಲಕ್ಷ ಚಿತ್ರಗಳಿಂದ ಕಂಪ್ಯೂಟರಿಗೆ ವಸ್ತುಗಳನ್ನು ಗುರುತಿಸಲು ಕಲಿಸಿದರು. ಅವರು ಬಳಸಿದ್ದು ವಿಡಿಯೊ ಗೇಮ್‌ಗಾಗಿ ತಯಾರಾದ ಎರಡು ಗ್ರಾಫಿಕ್ಸ್ ಕಾರ್ಡು. ತರಬೇತಿಗೆ ಹಿಡಿದದ್ದು ಐದಾರು ದಿನ. ಎರಡು ಕಾರ್ಡು ಏಕೆ? ಒಂದೊಂದರಲ್ಲೂ ಕೇವಲ 3 ಜಿಬಿ ಮೆಮೊರಿ ಇದ್ದುದರಿಂದ ಇಡೀ ಜಾಲ ಒಂದರಲ್ಲಿ ಹಿಡಿಸಲಿಲ್ಲ. ಅಲ್ಲಿಯೂ ಅಡ್ಡಿಯಾದದ್ದು ಜಾಗವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೆಕೆಂಡಿಗೆ 3300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಯಂತ್ರ. ಅದರಲ್ಲೂ ಸಾಮಾನ್ಯ ಕೆಲಸಕ್ಕೆ, ಹೆಚ್ಚು ಮೆಮೊರಿಯ ಕೆಲಸಕ್ಕೆ ಮತ್ತು ಗ್ರಾಫಿಕ್ಸ್ ಪ್ರೊಸೆಸರ್‌ನ ಕೆಲಸಕ್ಕೆ ಬೇರೆ ಬೇರೆ ವಿಭಾಗಗಳಿವೆ.

ನೀವು ಏನು ಮಾಡಬೇಕು?

ಮೊದಲು ಕೆಲಸ ನಡೆಯುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿರಿ. ಡಿಸ್ಕ್ ಸದಾ ನೂರು ಶೇಕಡಾ ತೋರಿಸುತ್ತಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿರಿ. ಮೆಮೊರಿ ತುಂಬಿಹೋಗುತ್ತಿದ್ದರೆ ರ್‍ಯಾಮ್ ಹೆಚ್ಚಿಸಿರಿ. ದೊಡ್ಡ ಅಂಕಿ ಅಂಶಗಳ ಕೆಲಸಕ್ಕೆ ಇವೆರಡೇ ಬಹಳ ಸಲ ಸಾಕಾಗುತ್ತವೆ, ಖರ್ಚೂ ಕಡಿಮೆ.

ಯಂತ್ರಕಲಿಕೆಗೆ ಗ್ರಾಫಿಕ್ಸ್ ಕಾರ್ಡು ಬೇಕಾದರೆ ಅದರ ವೇಗಕ್ಕಿಂತ ಮೊದಲು ಮೆಮೊರಿ ಎಷ್ಟೆಂದು ಕೇಳಿರಿ. 700 ಕೋಟಿ ಅಂಶಗಳ ಒಂದು ಭಾಷಾ ಮಾದರಿಯಲ್ಲಿ ಪ್ರತಿ ಅಂಶಕ್ಕೆ 2 ಬೈಟ್ ಹಿಡಿದರೂ 14 ಜಿಬಿ ಬೇಕು. ಅರ್ಧ ಬೈಟಿಗೆ ಇಳಿಸಿದರೆ ಮೂರೂವರೆ ಜಿಬಿ ಸಾಕು. ತರಬೇತಿ ಕೊಡಲು ಮಾತ್ರ ಇದರ ಹಲವು ಪಟ್ಟು ಬೇಕಾಗುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಸಾಮಾನ್ಯವಾಗಿ ಬದಲಾಯಿಸಲು ಬರುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಹೊಸ ಕಾರ್ಡಿನ ಭಾರವನ್ನು ಪವರ್ ಸಪ್ಲೈ ತಡೆಯುವುದೇ ಎಂದು ನೋಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದಿದ್ದರೆ ದಿನಗಟ್ಟಲೆಯ ಕೆಲಸ ಕ್ಷಣದಲ್ಲಿ ಹಾಳಾದೀತು.

ದೂರದ ಕಂಪ್ಯೂಟರನ್ನು ಗಂಟೆಯ ಬಾಡಿಗೆಗೆ ಪಡೆಯುವ ದಾರಿಯೂ ಇದೆ. ಅಪರೂಪಕ್ಕೆ ಬೇಕಾಗುವ ಕೆಲಸಕ್ಕೆ ಇದೇ ಲಾಭ. ಆದರೆ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 100 ಜಿಬಿ ಕಳಿಸಲು ಸುಮಾರು 22 ಗಂಟೆ ಹಿಡಿಯುತ್ತದೆ ಎಂಬುದನ್ನು ಗಮನಿಸಿರಿ. ಇಲ್ಲೂ ಕೆಲಸ ನಿಲ್ಲುವುದು ದಾರಿಯಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಫ್ಲೋಸಾಲ್ವರ್ ಕಟ್ಟಿದವರಲ್ಲಿ ದೊಡ್ಡ ಯಂತ್ರವಿರಲಿಲ್ಲ. ಆದರೆ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಹುಡುಕುವ ತಾಳ್ಮೆ ಅವರಲ್ಲಿತ್ತು. ಮನೆಯವರ ಬಳಿ ಹಣ ಕೇಳುವ ಮುನ್ನ ಆ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿರಿ. ನಿಮ್ಮ ತಂದೆಯ ಬೆವರಿನ ಹಣ ಸರಿಯಾದ ಜಾಗಕ್ಕೆ ಸೇರುತ್ತದೆ.