ಆಲೆ ಮರದ ಓಲೆಗೆ ಬೆಲೆ ಎಷ್ಟು?

ಚನ್ನಪಟ್ಟಣದ ಅರಗಿನ ಕೆಲಸದ ಬಗ್ಗೆ ಓದುವಾಗಲೆಲ್ಲ ಎರಡು ಹೆಸರು ಎದುರಾಗುತ್ತವೆ: ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಪ್ರತೀತಿಯ ಟಿಪ್ಪು ಸುಲ್ತಾನ್, ಮತ್ತು 20ನೇ ಶತಮಾನದ ಆರಂಭದಲ್ಲಿ ಜಪಾನಿನ ಕೌಶಲವನ್ನು ಊರಿಗೆ ತಂದರೆನ್ನುವ ಬಾವಾಸ್ ಮಿಯಾ. ಕೂಲಿಯ ಲೆಕ್ಕ ಮಾತ್ರ ಈ ಕಥೆಗಳಲ್ಲಿ ಬರುವುದಿಲ್ಲ.

ಅದು ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ. ಒಂದು ಜೊತೆ ಮರದ ಓಲೆಗೆ 120 ರೂಪಾಯಿ ಅಂದರು ಮಳಿಗೆಯಲ್ಲಿದ್ದ ಅಮ್ಮ. "80ಕ್ಕೆ ಕೊಡಿ" ಎಂದೆ. ಬೇಸರಿಸದೆ ಲೆಕ್ಕ ಬಿಡಿಸಿದರು: "ಮರ, ಅರಗು, ಕೊಕ್ಕೆಗೆ 25. ಮಳಿಗೆ ಬಾಡಿಗೆ, ಬಸ್ಸು, ಊಟ ಹಂಚಿದ್ರೆ 35. ಮಾರದೆ ಉಳಿಯೋ ಮಾಲಿಗೆ 15. ಮಿಕ್ಕಿದ್ದು 45, ಅದು ನಮ್ ಕೂಲಿ. 80ಕ್ಕೆ ಕೊಟ್ರೆ 5 ಉಳಿಯುತ್ತೆ. ನೀನೇ ಹೇಳವ್ವ."

ಆ 45ರಲ್ಲಿ ಏನೇನಿದೆ? ಒಣಗಿಸಿಟ್ಟ ಆಲೆ ಮರವನ್ನು ಲೇತಿಗೆ ಹಾಕಿ ಕಡೆಯಬೇಕು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಕೇದಗೆ ಗರಿ ಒತ್ತಿದರೆ ಹೊಳಪು ಬರುತ್ತದೆ. ಕೈ ತುಸು ತಪ್ಪಿದರೂ ಮಾಲು ಹಾಳು.

2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಜಿಐ ಮಾನ್ಯತೆ ಸಿಕ್ಕಿತು. ಅದು ಊರಿನ ಹೆಸರನ್ನು ಕಾಯುತ್ತದೆ. ಕೂಲಿಯನ್ನು ಕಾಯುವ ಕಾಗದ ಯಾವುದೂ ಇಲ್ಲ. ಬಾಡಿಗೆಯಾಗಲಿ, ಬಸ್ ಚಾರ್ಜಾಗಲಿ ನಮ್ಮ ಚೌಕಾಸಿಗೆ ಇಳಿಯುವುದಿಲ್ಲ. ಇಳಿಯುವುದು ಕೂಲಿಯೊಂದೇ.

120 ಕೊಟ್ಟೆ. ಆ ರಾತ್ರಿ ಸಂಶೋಧನೆಯ ಟಿಪ್ಪಣಿ ಪುಸ್ತಕದಲ್ಲಿ, ಟಿಪ್ಪು ಮತ್ತು ಬಾವಾಸ್ ಮಿಯಾ ಹೆಸರಿನ ಕೆಳಗೆ, ಆ ಅಮ್ಮನ ಲೆಕ್ಕವನ್ನೂ ಬರೆದಿಟ್ಟೆ.