‘ಯಾನ’ ಮತ್ತು ಹಾಸನ ಸೀಮೆಯ ವಾಸ್ತವವಾದಿ ಪರಂಪರೆ

ಹಾಸನ ಜಿಲ್ಲೆಯ ಆಧುನಿಕ ಗದ್ಯವನ್ನು ಗ್ರಾಮಜೀವನದ ವಾಸ್ತವ ಚಿತ್ರಣಕ್ಕಾಗಿ ಸ್ಮರಿಸುವುದು ವಾಡಿಕೆ. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ (1930) ಈ ಪರಂಪರೆಯ ಆರಂಭದ ಕೃತಿಗಳಲ್ಲೊಂದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ತಮ್ಮ ಸೀಮೆಯ ಬಡತನವನ್ನೂ ಪ್ಲೇಗಿನ ಹಾವಳಿಯನ್ನೂ ಚಿತ್ರಿಸಿತು. ಇದೇ ಲೇಖಕರು 2014ರಲ್ಲಿ ‘ಯಾನ’ ಎಂಬ ವಿಜ್ಞಾನ ಕಾದಂಬರಿಯನ್ನು ಪ್ರಕಟಿಸಿದುದು ಈ ಪರಂಪರೆಯಿಂದ ವಿಚಲನೆಯೆ ಎಂಬುದು ವಿವೇಚನಾರ್ಹ.

ಕನ್ನಡಕ್ಕೆ ವಿಜ್ಞಾನ ಕಥೆ ಹೊಸದಲ್ಲ. ರಾಜಶೇಖರ ಭೂಸನೂರಮಠರು ಆ ಪ್ರಕಾರವನ್ನು ಮೊದಲೇ ಬೆಳೆಸಿದ್ದರು. ಅದ್ಭುತವನ್ನು ಪುರಾಣಗಳಲ್ಲಿ ಸಹಜವಾಗಿ ಸ್ವೀಕರಿಸುವ ನಮ್ಮ ವಿಮರ್ಶೆ, ಕಾದಂಬರಿಯಲ್ಲಿ ಅದನ್ನು ಕೇವಲ ಮನರಂಜನೆಯೆಂದು ಬಗೆಯುವುದು ಸಮಂಜಸವಲ್ಲ.

ಭೈರಪ್ಪನವರು ‘ಪರ್ವ’ದಲ್ಲಿ (1979) ಮಹಾಭಾರತದ ಕಥೆಯಿಂದ ಪವಾಡಗಳನ್ನು ಕಳೆದರು, ‘ಯಾನ’ದಲ್ಲಿ ಸೌರವ್ಯೂಹದಾಚೆಗೆ ಸಾಗುವ ನೌಕೆಯನ್ನು ಕಲ್ಪಿಸಿದರು. ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಎರಡರಲ್ಲಿಯೂ ದೈವದ ಆಸರೆಯಿಲ್ಲದ ಮಾನವ ಸಂಬಂಧಗಳೇ ಪರೀಕ್ಷೆಗೆ ಒಳಗಾಗುತ್ತವೆ. ನೌಕೆಯಲ್ಲಿ ಹುಟ್ಟಿದ ಮಕ್ಕಳು ತಂದೆ ತಾಯಿಯರ ಬರಹಗಳ ಮೂಲಕ ತಮ್ಮ ಹಿನ್ನೆಲೆಯನ್ನು ಅರಿಯುತ್ತಾರೆ. ಸಮಾಜವೇ ಇಲ್ಲದೆಡೆ ದಾಂಪತ್ಯ, ಸೋದರತ್ವಗಳ ಕಟ್ಟಳೆಗೆ ಆಧಾರವೇನು ಎಂಬುದು ಅಲ್ಲಿನ ಮೂಲ ಪ್ರಶ್ನೆ. ಒಡೆದ ಮನೆಯಲ್ಲಿ ಉಳಿಯುವ ಬಾಂಧವ್ಯ ಯಾವುದೆಂದು ‘ಗೃಹಭಂಗ’ ಕೇಳಿದುದು ಇದರ ಪೂರ್ವರೂಪವೇ ಆಗಿದೆ. ವೈಜ್ಞಾನಿಕ ವಿವರಣೆ ಕೆಲವೆಡೆ ಕಥನದ ಓಟವನ್ನು ತಡೆಯುವುದು ನಿಜ. ಆದರೆ ಆ ದೋಷ ಪ್ರಕಾರದ್ದಲ್ಲ, ನಿರ್ವಹಣೆಯದು.

ಭೈರಪ್ಪನವರು 2025ರಲ್ಲಿ ನಿಧನರಾದರು. ಅವರ ಸಮಗ್ರ ಸಾಹಿತ್ಯದ ಮೌಲ್ಯಮಾಪನದಲ್ಲಿ ‘ಯಾನ’ವನ್ನು ಅಪವಾದವೆಂದು ಬದಿಗಿರಿಸದೆ, ಸಂತೇಶಿವರದ ಅನುಭವಲೋಕದ ವಿಸ್ತರಣೆಯೆಂದು ಪರಿಗಣಿಸುವುದು ಯುಕ್ತ.