ಧರ್ಮಕೇಂದ್ರದ ಮಂಡಳಿ ಮತ್ತು ಕಾಣಿಕೆಯ ಲೆಕ್ಕ

ರಾಜಾಜಿನಗರ, ಕೆಂಗೇರಿಗಳ ಈ ಪ್ರದೇಶವು 1940ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತು. ಹಣಕಾಸಿನಲ್ಲಿ ವಿಚಾರಣಾ ಗುರುಗಳಿಗೆ ಶ್ರೀಸಾಮಾನ್ಯರ ಮಂಡಳಿ ನೆರವಾಗಲೇಬೇಕೆಂಬ ಸಾರ್ವತ್ರಿಕ ನಿಯಮ ಅಂದಿರಲಿಲ್ಲ. ನಮ್ಮ ಕೊಂಕಣಿ ಬಂಧುಗಳ ಕರಾವಳಿಯಲ್ಲಾದರೋ ಗುರಿಕಾರರ ಪರಂಪರೆಯೇ ಇತ್ತು.

1983ರ ನವೆಂಬರ್ 27ರಂದು ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯು ಎರಡು ಮಂಡಳಿಗಳನ್ನು ಹೇಳಿತು. ಪಾಲನಾ ಮಂಡಳಿ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ಅದರದು ಸಲಹೆ ಮಾತ್ರ. ಹಣಕಾಸು ಮಂಡಳಿಯಾದರೋ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ.

ಇದಕ್ಕಿಂತ ಮುಖ್ಯವಾದುದು 1267ನೆಯ ವಿಧಿ: ಗಂಟೆಗೋಪುರಕ್ಕೆಂದೇ ಕೊಟ್ಟ ಕಾಣಿಕೆಯನ್ನು ಹಬ್ಬದ ಪಟಾಕಿಗೆ ಬಳಸುವಂತಿಲ್ಲ. ಭಕ್ತರ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೆಯ ವಿಧಿಯೂ ಹೇಳುತ್ತದೆ. ಆದುದರಿಂದ ಲೆಕ್ಕ ಕೇಳುವುದು ಗುರುಗಳ ಮೇಲಿನ ಅವಿಶ್ವಾಸವಲ್ಲ. ಪೂಜೆಯ ತರುವಾಯ ವರ್ಷಕ್ಕೊಮ್ಮೆ ಅದನ್ನು ಓದಲು ಹತ್ತು ನಿಮಿಷವೂ ಹಿಡಿಯದು.